ಕುತ್ತಿಗೆ, ಕಂಕುಳಿನ ತೊಟ್ಟುಗಂಟು: ಯಾವುದನ್ನು ಬಿಡಬಹುದು, ಯಾವುದನ್ನು ವೈದ್ಯರಿಗೆ ತೋರಿಸಬೇಕು?

ಬೆಳೆಗಾರ ಬಂಧುಗಳಲ್ಲಿ ನಲವತ್ತು ದಾಟಿದವರು ಕನ್ನಡಿಯ ಮುಂದೆ ನಿಂತು ಕುತ್ತಿಗೆಯನ್ನು ಒಮ್ಮೆ ಸವರಿ ನೋಡಿಕೊಂಡರೆ, ಇಬ್ಬರಲ್ಲಿ ಒಬ್ಬರಿಗಾದರೂ ಬೆರಳಿಗೆ ಏನೋ ಸಣ್ಣಗೆ ತಗಲುವುದುಂಟು. ಸಾಸಿವೆ ಕಾಳಿನಷ್ಟು, ಹೆಚ್ಚೆಂದರೆ ಕಾಳುಮೆಣಸಿನಷ್ಟು ಗಾತ್ರ. ಮುಟ್ಟಿದರೆ ಮೆತ್ತಗೆ. ಮೈಬಣ್ಣದ್ದೋ, ಅದಕ್ಕಿಂತ ತುಸು ಕಪ್ಪೋ ಆಗಿದ್ದು, ಸಪುರವಾದ ತೊಟ್ಟಿನಿಂದ ಚರ್ಮಕ್ಕೆ ನೇತುಹಾಕಿದಂತೆ ಇರುತ್ತದೆ. ನೋವಿಲ್ಲ, ತುರಿಕೆಯಿಲ್ಲ. ವೈದ್ಯರು ಇದನ್ನು ಸ್ಕಿನ್ ಟ್ಯಾಗ್ ಎನ್ನುತ್ತಾರೆ. ನಮ್ಮ ಕಡೆ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ಮೈಮೇಲೆ ಎದ್ದದ್ದನ್ನೆಲ್ಲ ನರಹುಲಿ ಎಂದುಬಿಡುವುದು ರೂಢಿ. ತೊಂದರೆ ಪ್ರಾರಂಭವಾಗುವುದೂ ಅಲ್ಲಿಯೇ. ಆದುದರಿಂದ ಈ ಲೇಖನದ ಮಟ್ಟಿಗೆ ಇದನ್ನು ತೊಟ್ಟುಗಂಟು ಎಂದು ಕರೆಯೋಣ.

ತೊಟ್ಟುಗಂಟಿನೊಳಗೆ ಇರುವುದು ಚರ್ಮದಲ್ಲಿ ಸಹಜವಾಗಿಯೇ ಇರುವ ನಾರಿನಂಶ, ಒಂದೆರಡು ಸಣ್ಣ ರಕ್ತನಾಳ, ಕೆಲವೊಮ್ಮೆ ಸ್ವಲ್ಪ ಕೊಬ್ಬು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕ್ಯಾನ್ಸರಿಗೆ ತಿರುಗುವುದು ಅತ್ಯಪರೂಪ. ಚರ್ಮಕ್ಕೆ ಚರ್ಮ, ಇಲ್ಲವೆ ಬಟ್ಟೆ ಉಜ್ಜುವ ಜಾಗದಲ್ಲಿ ಹೆಚ್ಚು: ಕುತ್ತಿಗೆ, ಕಂಕುಳು, ತೊಡೆಸಂದು, ಹೆಂಗಸರಲ್ಲಿ ಸ್ತನದ ಕೆಳಭಾಗ, ಕಣ್ಣಿನ ರೆಪ್ಪೆ. ಕರಿಮಣಿ ಸರ, ಅಂಗಿಯ ಕಾಲರು, ಬೆನ್ನಿಗೆ ಕಟ್ಟಿಕೊಳ್ಳುವ ಸ್ಪ್ರೇಯರಿನ ಪಟ್ಟಿ ಉಜ್ಜುವಲ್ಲಿಯೂ ಕಾಣುವುದುಂಟು. ಕೆಲವು ಮನೆತನಗಳಲ್ಲಿ ಅಪ್ಪನಿಗೂ ಇದ್ದು ಮಕ್ಕಳಿಗೂ ಬರುತ್ತದೆ. ಗರ್ಭಿಣಿಯರಲ್ಲಿ ಹೊಸದಾಗಿ ಎದ್ದು, ಹೆರಿಗೆಯ ನಂತರ ಕೆಲವು ತಾವೇ ಕುಗ್ಗುತ್ತವೆ.

ನಿಜವಾದ ನರಹುಲಿಯ ಜಾತಿಯೇ ಬೇರೆ. ಅದು ವೈರಸ್ಸಿನಿಂದ ಬರುವಂಥದು, ಮುಟ್ಟಿದರೆ ಒರಟು, ಬೆರಳು, ಉಗುರಿನ ಅಂಚು, ಅಂಗಾಲು, ಮುಖದಲ್ಲಿ ಏಳುತ್ತದೆ. ಒಬ್ಬರ ಕ್ಷೌರದ ಬ್ಲೇಡನ್ನು ಇನ್ನೊಬ್ಬರು ಬಳಸಿದರೆ ಹರಡುತ್ತದೆ. ಮಕ್ಕಳ ಕೈಮೇಲಿನ ಹೆಚ್ಚಿನ ನರಹುಲಿಗಳು ಎರಡು ವರ್ಷದೊಳಗೆ ಔಷಧಿಯಿಲ್ಲದೆಯೇ ಉದುರಿಹೋಗುತ್ತವೆ. ದೇವರಿಗೆ ಹರಕೆ ಹೊತ್ತು ವಾಸಿಯಾಯಿತೆಂದು ಹೇಳುವವರನ್ನು ನಾವು ಹಂಗಿಸಬೇಕಾಗಿಲ್ಲ. ಹರಕೆಯಿಂದ ಚರ್ಮ ಸುಡುವುದಿಲ್ಲವಷ್ಟೆ.

ಸುಡುವಂಥ ಔಷಧಿಗಳು ಮಾತ್ರ ನಮ್ಮ ಮನೆಗಳಲ್ಲಿ ಧಾರಾಳವಾಗಿವೆ. ಎಲೆಗೆ ಹಚ್ಚುವ ಸುಣ್ಣವನ್ನು ಬಟ್ಟೆ ಸೋಡದೊಡನೆ ಕಲಸಿ ಇಡುವುದು, ಗೇರುಬೀಜದ ಸಿಪ್ಪೆಯ ಎಣ್ಣೆ, ಕಳ್ಳಿಯ ಹಾಲು, ಕಡೆಗೆ ಕೊಳೆರೋಗದ ಔಷಧಿಗೆ ತಂದ ಮೈಲುತುತ್ತದ ಹರಳು. ಸುಣ್ಣ, ಸೋಡ ಸೇರಿದರೆ ಪ್ರಬಲವಾದ ಕ್ಷಾರ. ಅದು ಗಂಟಿನ ಬುಡದಲ್ಲಿ ನಿಲ್ಲುವುದಿಲ್ಲ, ಒಳಗಿನ ಚರ್ಮವನ್ನೂ ತಿನ್ನುತ್ತ ಹೋಗುತ್ತದೆ. ಗೇರುಸಿಪ್ಪೆಯ ಎಣ್ಣೆ ತಾಗಿ ಬೊಬ್ಬೆ ಎದ್ದು ಕಪ್ಪು ಕಲೆ ಉಳಿದ ಕೈಗಳನ್ನು ಗೇರುಬೀಜ ಸುಲಿಯುವವರಲ್ಲಿ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮೈಲುತುತ್ತವನ್ನು ಅಡಿಕೆಗೊನೆಗೆ ಹಾಕುವಾಗ ಸಹ ನಾವು ಅದನ್ನು ಹಾಗೆಯೇ ಹಾಕುವುದಿಲ್ಲ: 1 ಕಿಲೋ ತುತ್ತಕ್ಕೆ 1 ಕಿಲೋ ಸುಣ್ಣ ಕೂಡಿಸಿ, 100 ಲೀಟರ್ ನೀರಿನಲ್ಲಿ ಬೋರ್ಡೋ ದ್ರಾವಣ ಮಾಡಿ, ಹುಳಿ ಹೋಯಿತೇ ಎಂದು ಪರೀಕ್ಷಿಸಿ ಸಿಂಪಡಿಸುತ್ತೇವೆ. ಅಡಿಕೆಗೆ ತೋರುವ ಈ ಎಚ್ಚರಿಕೆ ನಮ್ಮ ಕುತ್ತಿಗೆಗೂ ಸಲ್ಲಬೇಕಲ್ಲವೆ? ಕಣ್ಣಿನ ರೆಪ್ಪೆಯ ಗಂಟಿಗಂತೂ ಇಂಥ ಯಾವುದನ್ನೂ ಮುಟ್ಟಿಸಬಾರದು.

ಕೂದಲು ಅಥವಾ ದಾರ ಬಿಗಿದು ಕಟ್ಟುವ ಪದ್ಧತಿ ಹಳೆಯದು. ರಕ್ತ ಸಂಚಾರ ನಿಂತು ಗಂಟು ಒಣಗಿ ಬೀಳುತ್ತದೆಂಬ ತರ್ಕ ಸುಳ್ಳಲ್ಲ. ವೈದ್ಯರೂ ಕೆಲವೊಮ್ಮೆ ಹೀಗೆ ಕಟ್ಟುವುದುಂಟು. ಆದರೆ ಅವರು ಕಟ್ಟುವ ಮೊದಲು ಅದು ತೊಟ್ಟುಗಂಟು ಹೌದೋ ಅಲ್ಲವೋ ಎಂದು ನೋಡುತ್ತಾರೆ, ಶುದ್ಧವಾದ ದಾರ ಬಳಸುತ್ತಾರೆ. ನಾವು ಕಟ್ಟುವುದು ಬೆವರು, ಮಣ್ಣು, ಗೊಬ್ಬರದ ನಡುವೆ. ಅಡಿಕೆಕತ್ತಿ, ಬ್ಲೇಡುಗಳಿಂದ ಕೊಯ್ದುಕೊಳ್ಳುವವರಿಗೆ ರಕ್ತ ನಿಲ್ಲದಿರುವುದು ಒಂದು ಭಯವಾದರೆ, ಧನುರ್ವಾಯು ಇನ್ನೊಂದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇಷ್ಟು ಸಣ್ಣ ಗಾಯವೂ ವಾರಗಟ್ಟಲೆ ಕೀವು ಸುರಿಸಬಹುದು.

ಸಕ್ಕರೆಯ ಸುಳಿವು

ಸಕ್ಕರೆ ಕಾಯಿಲೆಯ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ತೊಟ್ಟುಗಂಟು ಸ್ವತಃ ನಿರುಪದ್ರವಿ. ಆದರೆ ಕೆಲವು ವರ್ಷಗಳಲ್ಲಿ ಒಂದೆರಡಿದ್ದದ್ದು ಹತ್ತಿಪ್ಪತ್ತಾದರೆ, ಜೊತೆಗೆ ಕುತ್ತಿಗೆಯ ಹಿಂಭಾಗ, ಕಂಕುಳಿನ ಚರ್ಮ ದಪ್ಪಗಾಗಿ ಮಖಮಲ್ಲಿನಂತೆ ಕಪ್ಪಾಗಿದ್ದರೆ, ಅದು ರಕ್ತದ ವಿಚಾರ. ಎಷ್ಟೋ ಮಂದಿ ಈ ಕಪ್ಪನ್ನು ಕೊಳೆಯೆಂದು ತಿಳಿದು ತೆಂಗಿನ ನಾರು ಹಾಕಿ ಉಜ್ಜುತ್ತಾರೆ. ಉಜ್ಜಿದಷ್ಟೂ ಅದು ಹೆಚ್ಚುತ್ತದೆ.

ಇದರ ಕಾರಣ ಹೀಗೆ. ನಾವು ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆಯನ್ನು ಮಾಂಸಖಂಡಗಳೊಳಕ್ಕೆ ಕಳುಹಿಸುವುದು ಇನ್ಸುಲಿನ್ ಎಂಬ ರಸ. ಮೈತೂಕ, ಮುಖ್ಯವಾಗಿ ಹೊಟ್ಟೆಯ ಬೊಜ್ಜು ಹೆಚ್ಚಿದಾಗ ಮಾಂಸಖಂಡಗಳು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಆಗ ದೇಹವು ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ಹದದಲ್ಲಿಡಲು ಹೆಣಗುತ್ತದೆ. ಹೀಗೆ ಮಿತಿಮೀರಿದ ಇನ್ಸುಲಿನ್ ಚರ್ಮದ ಜೀವಕಣಗಳಿಗೆ ಹೆಚ್ಚಾದ ಸಾರಜನಕ ಗೊಬ್ಬರದಂತೆ ಕೆಲಸ ಮಾಡಿ, ಬೇಡದ ಕಡೆ ಚಿಗುರು ಹೊರಡಿಸುತ್ತದೆ. ಗಮನಿಸಬೇಕಾದ ಅಂಶವೆಂದರೆ, ಈ ಹಂತದಲ್ಲಿ ರಕ್ತದ ಸಕ್ಕರೆ ಇನ್ನೂ ಗಡಿ ದಾಟದೆ ಇರಬಹುದು. ಕಾಯಿಲೆ ಬರುವ ಮೊದಲೇ ಕುತ್ತಿಗೆ ಸುದ್ದಿ ಹೇಳುತ್ತಿದೆ ಎಂದಾಯಿತು.

ತೋಟದ ಕೆಲಸವೆಂದರೆ ಮೈ ಬಗ್ಗಿಸುವ ಕೆಲಸ, ನಮಗೆಲ್ಲಿಯ ಸಕ್ಕರೆ ಎನ್ನುವ ಕಾಲ ಕಳೆದಿದೆ. ಕಳೆ ಕೊಚ್ಚಲು ಯಂತ್ರ, ಅಡಿಕೆ ಸುಲಿಯಲು ಯಂತ್ರ, ತೋಟದ ತುದಿಗೂ ಬೈಕು. ಊಟದ ಅನ್ನ ಮಾತ್ರ ಗದ್ದೆ ಉಳುತ್ತಿದ್ದ ಅಜ್ಜನ ಅಳತೆಯದೇ, ಮೇಲೆ ದಿನಕ್ಕೆ ನಾಲ್ಕು ಲೋಟ ಸಿಹಿ ಕಾಫಿ. (ಕಾಫಿ ಬೆಳೆಗಾರರು ಕೋಪಿಸಬಾರದು, ತಕರಾರು ಸಕ್ಕರೆಯ ಮೇಲೆಯೇ ಹೊರತು ಕಾಫಿಯ ಮೇಲಲ್ಲ.)

ಆದುದರಿಂದ ಕುತ್ತಿಗೆಯಲ್ಲಿ ಹೀಗೆ ಕಂಡವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲೂಕು ಆಸ್ಪತ್ರೆಯಲ್ಲೋ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸತಕ್ಕದ್ದು. ಬರಿಹೊಟ್ಟೆಯ ಸಕ್ಕರೆ 100ಕ್ಕಿಂತ ಕೆಳಗಿದ್ದರೆ ಸರಿ. 100ರಿಂದ 125ರವರೆಗೆ ಇದ್ದರೆ ಬೇಲಿಯ ಮೇಲೆ ನಿಂತ ಸ್ಥಿತಿ. 126 ಅಥವಾ ಹೆಚ್ಚಿದ್ದು, ಮತ್ತೊಮ್ಮೆ ನೋಡಿದಾಗಲೂ ಹಾಗೆಯೇ ಬಂದರೆ ಸಕ್ಕರೆ ಕಾಯಿಲೆ. ಹಿಂದಿನ ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ 5.7ರಿಂದ 6.4 ಬೇಲಿ, 6.5ರ ಮೇಲೆ ಕಾಯಿಲೆ. ಬೇಲಿಯ ಮೇಲಿರುವಾಗ ತೂಕ ಇಳಿಸಿ, ದಿನವೂ ನಡೆದು ಹಿಂದಿರುಗಿದವರು ಬೇಕಾದಷ್ಟು ಮಂದಿ ಇದ್ದಾರೆ. ರಕ್ತದೊತ್ತಡವನ್ನೂ ಅದೇ ದಿನ ನೋಡಿಸಿಕೊಂಡರೆ ಒಂದು ಬಸ್ಸಿನ ಖರ್ಚು ಉಳಿಯಿತು.

ಗಂಟಲ್ಲ, ಉಣ್ಣೆ!

ಮಲೆನಾಡಿನವರಾದ ನಮಗೆ ಇನ್ನೊಂದು ವಿಶೇಷ ಎಚ್ಚರಿಕೆ ಬೇಕು. ತೊಟ್ಟುಗಂಟು ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುವಂಥದು. ನಿನ್ನೆ ಇಲ್ಲದ ಗಂಟು ಇಂದು ಕಂಕುಳಲ್ಲೋ ತೊಡೆಸಂದಿನಲ್ಲೋ ಸೊಂಟದ ಪಟ್ಟಿಯ ಕೆಳಗೋ ಕಂಡರೆ ಬೆಳಕಿಗೆ ಹಿಡಿದು ನೋಡಬೇಕು. ಕಾಲುಗಳಿದ್ದರೆ ಅದು ಉಣ್ಣೆ. ಸೊಪ್ಪಿನಬೆಟ್ಟದಿಂದ ದರಕು ಗುಡಿಸಿ ತರುವವರಿಗೆ, ಕಾಡಂಚಿನಲ್ಲಿ ದನ ಬಿಡುವವರಿಗೆ ಇದು ಹತ್ತುವುದು ಸಾಮಾನ್ಯ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಹರಡುವುದು ಇದೇ ಉಣ್ಣೆ. ಅದರಲ್ಲೂ ಎಳ್ಳಿನಷ್ಟೇ ಇರುವ ಮರಿ ಉಣ್ಣೆ. ಡಿಸೆಂಬರಿನಿಂದ ಮೇ ತನಕ, ಅಂದರೆ ನಮ್ಮ ಕೊಯ್ಲು, ದರಕಿನ ಕೆಲಸದ ಕಾಲದಲ್ಲಿಯೇ ಇದರ ಹಾವಳಿ.

ಉಣ್ಣೆಯನ್ನು ಸುಣ್ಣ, ಸೀಮೆಎಣ್ಣೆ, ಬೀಡಿಯ ಬೆಂಕಿಯಿಂದ ಬಿಡಿಸಹೋಗಬಾರದು. ಬೆರಳಲ್ಲಿ ಹೊಸಕಲೂಬಾರದು. ಸಪುರ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ ನೇರವಾಗಿ ಎಳೆದು ತೆಗೆದು, ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಬೇಕು. ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಒಳ್ಳೆಯದು. ಮಂಗನ ಕಾಯಿಲೆ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ತಲೆದೋರುತ್ತದೆ: ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟ ಕೈಕಾಲುಗಳ ವಿಪರೀತ ನೋವು. ಆಗ ಅಂಗಡಿಯ ಮಾತ್ರೆ ನುಂಗಿ ಮಲಗದೆ, ಉಣ್ಣೆ ಕಚ್ಚಿದ ವಿಷಯವನ್ನು ಮೊದಲ ಮಾತಿನಲ್ಲಿಯೇ ಹೇಳಿ ರಕ್ತ ಪರೀಕ್ಷೆ ಮಾಡಿಸಬೇಕು.

ತಡಮಾಡದೆ ತೋರಿಸಬೇಕಾದವು

ತೊಟ್ಟುಗಂಟು ತಿರುಚಿಕೊಂಡು ರಕ್ತ ನಿಂತರೆ ಒಂದೆರಡು ದಿನ ನೋವಾಗಿ, ಕಪ್ಪಾಗಿ ಉದುರುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ. ಆದರೆ ತೊಟ್ಟಿಲ್ಲದ ಗಂಟು, ಗಟ್ಟಿಯಾದದ್ದು, ಬೇಗ ದೊಡ್ಡದಾಗುವುದು, ತಾನಾಗಿ ರಕ್ತ ಜಿನುಗುವುದು, ಹುಣ್ಣಾಗಿ ಮಾಯದೆ ಇರುವುದು, ಇವೆಲ್ಲ ತೊಟ್ಟುಗಂಟಿನ ಲಕ್ಷಣಗಳಲ್ಲ. ಅಂಚು ಅಂಕುಡೊಂಕಾಗಿ, ಒಂದರಲ್ಲಿಯೇ ಎರಡು ಮೂರು ಬಣ್ಣವಿದ್ದು ಹರಡುತ್ತಿರುವ ಕಪ್ಪು ಮಚ್ಚೆಯೂ ಹಾಗೆಯೇ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ನಮ್ಮಂಥ ಕಂದು ಮೈಬಣ್ಣದವರಲ್ಲಿ ವಿರಳವೇ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಬರುತ್ತದೆ. ಬರಿಗಾಲಲ್ಲಿ ತೋಟ ತಿರುಗುವವರು ಅಂಗಾಲಿನ ಕಪ್ಪನ್ನು ಮುಳ್ಳಿನ ಕಲೆ, ಆಣಿ ಎಂದು ತಳ್ಳಿಹಾಕುವುದರಿಂದಲೇ ಗುರುತಿಸುವುದು ತಡವಾಗುತ್ತದೆ. ಸ್ನಾನದ ದಿನ ಅಂಗಾಲನ್ನು ತಿರುಗಿಸಿ ನೋಡಲು ಅರ್ಧ ನಿಮಿಷ ಸಾಕು.

ಮೈತುಂಬ ಮೆತ್ತನೆಯ ಗಂಟುಗಳು, ಜೊತೆಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳು ಆರು ಅಥವಾ ಹೆಚ್ಚಿದ್ದರೆ ಅದು ವಂಶಪಾರಂಪರ್ಯವಾಗಿ ಬರಬಹುದಾದ ನರದ ಗಂಟಿನ ರೋಗ. ಈ ಮಚ್ಚೆಗಳಿಗೆ ವೈದ್ಯಶಾಸ್ತ್ರದಲ್ಲಿರುವ ಫ್ರೆಂಚ್ ಹೆಸರಿನ ಅರ್ಥವೂ ಹಾಲುಕಾಫಿಯೆಂದೇ. ಮಕ್ಕಳಲ್ಲಿ ಕಂಡರೆ ಒಮ್ಮೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು. ಸ್ಪರ್ಶಜ್ಞಾನವಿಲ್ಲದ ಬಿಳಿಚು ಮಚ್ಚೆ, ದಪ್ಪಗಾದ ಕಿವಿಹಾಲೆ ಕುಷ್ಠರೋಗದ ಸೂಚನೆಯಾಗಬಹುದು. ಮುಚ್ಚಿಡುವ ಅಗತ್ಯವಿಲ್ಲ, ಸರಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ಪೂರ್ತಿ ಗುಣವಾಗುತ್ತದೆ. ಗುದದ್ವಾರದ ಬಳಿಯ ಗಂಟು, ಅಲ್ಲಿಂದ ರಕ್ತ ಬಿದ್ದರೆ ನಾಚಿಕೆ ಬಿಟ್ಟು ತೋರಿಸಬೇಕು. ಬಾಯೊಳಗಿನ ಗಂಟು, ಬಿಳಿ ಮಚ್ಚೆ, ಬಾಯಿ ಅಗಲಿಸಲಾರದ ಬಿಗಿತವನ್ನಂತೂ ಕಡೆಗಣಿಸಲೇಬಾರದು. ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯುವುದು ಮುಜುಗರದ ಸಂಗತಿಯಾದರೂ, ಕವಳ ಮೆಲ್ಲುವವರೂ ನಾವೇ ತಾನೆ.

ಇನ್ನು ಸಾಧಾರಣ ತೊಟ್ಟುಗಂಟು. ಸರಕ್ಕೆ ಸಿಕ್ಕಿ ನೋಯುತ್ತಿದ್ದರೆ, ನೋಡಲು ಬೇಸರವಾದರೆ ತೆಗೆಸಬಹುದು, ಕಡ್ಡಾಯವಲ್ಲ. ಜಾಗ ಮರಗಟ್ಟಿಸಿ ಕತ್ತರಿಯಿಂದ ಕತ್ತರಿಸುವುದು, ವಿದ್ಯುತ್ತಿನಿಂದ ಸುಡುವುದು, ಇಲ್ಲವೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು ರೂಢಿಯಲ್ಲಿವೆ. ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆಯ ವೀರ್ಯನಳಿಕೆಗಳನ್ನು ಇಟ್ಟಿರುವ ಹೊಗೆಯಾಡುವ ಕ್ಯಾನಿನಲ್ಲಿರುವುದೂ ಇದೇ ದ್ರವ. ಹೆಪ್ಪುಗಟ್ಟಿಸಿದಲ್ಲಿ ಚರ್ಮ ಕೆಲಕಾಲ ಬಿಳಿಚಿಕೊಳ್ಳಬಹುದು. ಒಂದನ್ನು ತೆಗೆದರೆ ಹತ್ತು ಹುಟ್ಟುತ್ತವೆ ಎಂಬ ಮಾತಿಗೆ ಆಧಾರವಿಲ್ಲ; ಒಲವಿರುವ ದೇಹದಲ್ಲಿ ಬೇರೆ ಕಡೆ ಹೊಸದು ಏಳಬಹುದು, ಅಷ್ಟೆ. ರೆಪ್ಪೆಯ ಮೇಲಿನದನ್ನು ಕಣ್ಣಿನ ವೈದ್ಯರ ಬಳಿಯೇ ತೆಗೆಸುವುದು ಲೇಸು. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಯವರು ಆ ಸಂಗತಿಯನ್ನು ಮುಂಚಿತವಾಗಿ ತಿಳಿಸಬೇಕು. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ತೆಗೆದುಕೊಂಡಿರೆಂಬುದನ್ನೂ ನೆನಪಿಸಿಕೊಂಡು ಹೋಗಿ. ಕತ್ತರಿಸಿದ ಗಂಟಿನ ಬಗ್ಗೆ ವೈದ್ಯರಿಗೆ ಕಿಂಚಿತ್ ಸಂಶಯ ಬಂದು ಪ್ರಯೋಗಾಲಯಕ್ಕೆ ಕಳುಹಿಸೋಣವೆಂದರೆ, ಖರ್ಚಿನ ನೆಪ ಹೇಳಿ ಬೇಡವೆನ್ನಬೇಡಿ. ವರದಿ ಬಂದ ಮೇಲೆ ಅದನ್ನು ಮನೆಯ ಕಾಗದಪತ್ರಗಳ ಜೊತೆ ತೆಗೆದಿಡಿ.