ಸೀಟು ಎತ್ತಿ ನೋಡಿದ್ದೀರಾ?

ಮಲಾಡಿನ ಕೇಳುಗ ಮಿತ್ರರೇ, ನಿಮ್ಮಲ್ಲಿ ಎಷ್ಟೋ ಜನರ ಹೊಟ್ಟೆಪಾಡು ಒಂದು ವ್ಯಾನಿನ ಮೇಲೆ ನಿಂತಿದೆ. ಶಾಲೆಗೆ ಮಕ್ಕಳನ್ನು ಬಿಡುವವರಿದ್ದೀರಿ, ಕೇಟರಿಂಗ್ ಪಾತ್ರೆ ಸಾಗಿಸುವವರಿದ್ದೀರಿ, ರಜೆ ಬಂದೊಡನೆ ಮನೆಮಂದಿಯನ್ನೆಲ್ಲ ತುಂಬಿಸಿಕೊಂಡು ಊರಿಗೆ ಹೊರಡುವವರೂ ಇದ್ದೀರಿ. 2019ರಲ್ಲಿ ತಯಾರಿಕೆ ನಿಂತ ಓಮ್ನಿಯಾಗಲಿ ಈಗಿನ ಈಕೋ ಆಗಲಿ, ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿದರೆ ಮಾತ್ರ ಅದರ ದರ್ಶನ. ಹಾಗಾಗಿ ಯಾರೂ ಎತ್ತುವುದಿಲ್ಲ! ಗ್ಯಾಸ್ ತುಂಬಿಸಿದೆವು, ಗಾಡಿಯ ಹೊಟ್ಟೆ ತುಂಬಿತು ಎಂದು ಹೊರಟುಬಿಡುತ್ತೇವೆ.

ಮೊದಲು ಪಂಪಿನ ಮಾತು (ಊರಲ್ಲಿ ನಾವು ಬಂಕ್ ಅನ್ನುತ್ತೇವೆ, ಇಲ್ಲಿ ಪಂಪು). ಸಿ.ಎನ್.ಜಿ. ತುಂಬುವುದು ಸುಮಾರು 200 ಬಾರ್ ಒತ್ತಡದಲ್ಲಿ. ಟಯರಿನ ಗಾಳಿ ಎರಡು, ಎರಡೂವರೆ ಬಾರ್ ಅಷ್ಟೇ. ಅಂದಮೇಲೆ 'ಎಲ್ಲರೂ ಇಳಿಯಿರಿ' ಎನ್ನುವ ಹುಡುಗನ ಮೇಲೆ ರೇಗಬೇಡಿ. ಮೊಣಕಾಲು ನೋವಿನ ಅಜ್ಜಿಯೂ ಇಳಿಯಲಿ, ನಿದ್ದೆಯಲ್ಲಿರುವ ಮಗುವನ್ನೂ ಎತ್ತಿಕೊಳ್ಳಿ. ಎಂಜಿನ್ ಬಂದ್, ಹ್ಯಾಂಡ್‌ಬ್ರೇಕ್ ಮೇಲೆ, ಮೊಬೈಲ್ ಜೇಬಿನಲ್ಲಿ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಕಡ್ಡಾಯ. ಗಾಡಿಗೆ ಅಂಟಿಸಿದ ತಗಡಿನ ಮೇಲೆ ತಾರೀಖು ನೋಡಿಕೊಳ್ಳಿ.

ಗ್ಯಾಸ್ ಗಾಡಿಯಲ್ಲೂ ಐದು ಲೀಟರಿನಷ್ಟು ಪೆಟ್ರೋಲ್ ಇರಲಿ. 2025ರ ನವೆಂಬರಿನಲ್ಲಿ ಟ್ರಾಂಬೆಯಲ್ಲಿ ಕೊಳವೆ ಹಾಳಾಗಿ ಮುಂಬಯಿಯ ಅನೇಕ ಪಂಪುಗಳಲ್ಲಿ ಗ್ಯಾಸ್ ಸಿಗದೆ ಹೋದದ್ದು ನೆನಪಿದೆಯಲ್ಲ? ಪೆಟ್ರೋಲ್ ಹಾಕಿಸುವಾಗ ಮೀಟರಿನಲ್ಲಿ ಸೊನ್ನೆ ನೋಡಿ. ಅಳತೆಯ ಮೇಲೆ ಅನುಮಾನ ಬಂದರೆ ಐದು ಲೀಟರಿನ ಮುದ್ರೆ ಒತ್ತಿದ ಅಳತೆಪಾತ್ರೆ ತರಿಸಿ, ಅದು ಗಿರಾಕಿಯ ಹಕ್ಕು.

ಇನ್ನು ಸೀಟು ಎತ್ತೋಣ. ಬೆಳಿಗ್ಗೆ, ಗಾಡಿ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ. ಎಂಜಿನ್ ಆಯಿಲ್ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಇಳಿಸಿ ತೆಗೆಯಿರಿ. ಎರಡು ಗುರುತುಗಳ ನಡುವೆ ಎಣ್ಣೆ ಇದ್ದರೆ ಸರಿ. ಕೂಲಂಟನ್ನು ಪಕ್ಕದ ಡಬ್ಬಿಯಲ್ಲೇ ನೋಡಬಹುದು. ಲಿಂಕ್ ರೋಡಿನ ಟ್ರಾಫಿಕ್ಕಿನಲ್ಲಿ ತೆವಳಿ ಬಂದ ಗಾಡಿಯ ರೇಡಿಯೇಟರ್ ಮುಚ್ಚಳವನ್ನು ಮಾತ್ರ ತಕ್ಷಣ ತಿರುಗಿಸಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಮುಂಬಯಿಯಲ್ಲಿ ತೇವಕ್ಕೇನು ಬರ? ಊರಿಂದ ಮರಳುವಾಗ ಖಂಡಾಲ ಘಾಟಿ ಇಳಿಯುತ್ತೀರಿ, ಕಾಲು ಬ್ರೇಕಿನ ಮೇಲೇ ಇರುತ್ತದೆ. ಬ್ರೇಕ್ ಕಾಯುತ್ತದೆ, ಎಣ್ಣೆಯೊಳಗಿನ ನೀರು ಕುದಿದು ಆವಿಯಾಗುತ್ತದೆ. ಆಗ ಪೆಡಲ್ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹಿಂದೆ ಎಂಟು ಜೀವಗಳಿರುತ್ತವೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಪೂರಾ ಬದಲಿಸಿ, ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಬನ್ನಿ. ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಸುಮ್ಮನೆ ಸುರಿದು ಮುಚ್ಚಬೇಡಿ. ಪ್ಯಾಡ್ ಸವೆದಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿರಬಹುದು. ಮೆಕ್ಯಾನಿಕ್ಕಿಗೆ ತೋರಿಸದೆ ಊರಿಗೆ ಹೊರಡಬೇಡಿ. ಮುಚ್ಚಳದ ಮೇಲೆ ಬರೆದ ದರ್ಜೆಯ ಎಣ್ಣೆಯನ್ನೇ, ಸೀಲ್ ಒಡೆಯದ ಬಾಟಲಿಯಿಂದಲೇ ಹಾಕಿಸಿ. ಅದರಲ್ಲಿ ಎಂಜಿನ್ ಆಯಿಲ್ ಒಂದು ತೊಟ್ಟು ಬಿದ್ದರೂ ಒಳಗಿನ ರಬ್ಬರ್ ಉಬ್ಬಿ ಕೆಡುತ್ತದೆ.

ಮಳೆಗಾಲವಾದರೆ ವೈಪರಿನ ನೀರಿನ ಡಬ್ಬಿಯನ್ನೂ ಒಮ್ಮೆ ನೋಡಿ. ಇಷ್ಟಕ್ಕೆಲ್ಲ ಹತ್ತು ನಿಮಿಷ ಸಾಕು, ನಮ್ಮ ಎರಡು ಹಾಡು ಮುಗಿಯುವಷ್ಟು ಹೊತ್ತು.