ಕಿವಿಯೊಳಗಿನ ರಸಮಟ್ಟ

ರಾತ್ರಿ ಒಂದು ಗಂಟೆಗೆ ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆಯ ಬಾರುಗಳು ಬಾಗಿಲು ಹಾಕುತ್ತವೆ. ಹನ್ನೆರಡನೇ ಮೇನ್‌ನಲ್ಲಿ, ಹಲಸೂರಿನ ಕಡೆ ಹೋಗುವ ಸಿಎಂಎಚ್ ರಸ್ತೆಯಲ್ಲಿ ಜನ ಕ್ಯಾಬ್ ಎಲ್ಲಿ ಬಂತೆಂದು ಮೊಬೈಲ್ ನೋಡುತ್ತ ನಡೆಯುತ್ತಿರುತ್ತಾರೆ. ಕಾಲಡಿ ಮಳೆನೀರಿನ ಚರಂಡಿಗೆ ಮುಚ್ಚಿದ ಕಲ್ಲುಚಪ್ಪಡಿಗಳು. ಒಂದು ಎದ್ದಿರುತ್ತದೆ, ಪಕ್ಕದ್ದು ವಾಲಿರುತ್ತದೆ. ಪಾದ ಒಳಕ್ಕೆ ಹೊರಳುತ್ತದೆ, ಮಂಡಿ ತರಚುತ್ತದೆ, ಹುಬ್ಬಿನ ಮೇಲೆ ಸಣ್ಣದೊಂದು ಸೀಳು. ಬಿದ್ದವರು ಬಟ್ಟೆ ಕೊಡವಿಕೊಂಡು ಏಳುತ್ತಾರೆ. ‘ಏನಾಗಿಲ್ಲ ಬಿಡೋ’ ಅನ್ನುತ್ತಾರೆ.

ಆ ‘ಏನಾಗಿಲ್ಲ’ ಎಂಬ ತೀರ್ಪನ್ನು ಕೊಡಬೇಕಾದ ಅಂಗಗಳೇ ಆ ಹೊತ್ತಿನಲ್ಲಿ ಮದ್ಯದಲ್ಲಿ ನೆನೆದಿರುತ್ತವೆ. ನೋವು ಹೇಳುವ ನರ, ನೆಲ ಎಲ್ಲಿದೆ ಎಂದು ಹೇಳುವ ಕಿವಿ, ಎರಡನ್ನೂ ಕೂಡಿಸಿ ನೋಡುವ ಮಿದುಳು, ಎಲ್ಲವೂ. ಅದಕ್ಕೇ ಕುಡಿದ ಮೇಲೆ ಆದ ಗಾಯ ಸಣ್ಣದೋ ದೊಡ್ಡದೋ ಎಂಬುದನ್ನು ಬಿದ್ದವರು ಆ ರಾತ್ರಿ ತೀರ್ಮಾನಿಸಬಾರದು. ಇದು ನೀತಿಪಾಠವಲ್ಲ, ಶರೀರದ ಯಂತ್ರಶಾಸ್ತ್ರ. ಕಿವಿಯಿಂದಲೇ ಶುರು ಮಾಡೋಣ. ಅಲ್ಲಿರುವಷ್ಟು ಸೊಗಸಾದ ಯಂತ್ರ ದೇಹದಲ್ಲಿ ಇನ್ನೆಲ್ಲೂ ಇಲ್ಲವೆಂದೇ ನನ್ನ ಅಭಿಪ್ರಾಯ.

ಕಿವಿಯ ತಮಟೆಯಿಂದ ಒಳಕ್ಕೆ, ತಲೆಬುರುಡೆಯ ಅತಿ ಗಟ್ಟಿ ಮೂಳೆಯೊಳಗೆ, ಮೂರು ಅರ್ಧವೃತ್ತದ ನಾಳಗಳಿವೆ. ಮೂರೂ ಒಂದಕ್ಕೊಂದು ಹೆಚ್ಚುಕಡಿಮೆ ಲಂಬಕೋನದಲ್ಲಿ ನಿಂತಿರುತ್ತವೆ. ತಲೆ ಯಾವ ದಿಕ್ಕಿಗೆ ತಿರುಗಿದರೂ ಒಂದಕ್ಕಾದರೂ ಗೊತ್ತಾಗಬೇಕಲ್ಲ. ಒಂದೊಂದು ಕಮಾನಿನ ತ್ರಿಜ್ಯ ಸುಮಾರು 3 ಮಿಲಿಮೀಟರ್. ಒಳಗೆ ಎಂಡೊಲಿಂಫ್ ಎಂಬ ತಿಳಿದ್ರವ. ಪ್ರತಿ ನಾಳದ ಒಂದು ತುದಿ ಉಬ್ಬಿಕೊಂಡಿದೆ. ಆ ಉಬ್ಬಿನಲ್ಲಿ ಕ್ಯುಪುಲಾ ಎಂಬ ಲೋಳೆಯ ಪರದೆಯೊಂದು ನಾಳಕ್ಕೆ ಅಡ್ಡಲಾಗಿ ನಿಂತಿದೆ. ತಲೆ ತಿರುಗಿದಾಗ ಮೂಳೆ ಜೊತೆಗೇ ತಿರುಗುತ್ತದೆ, ದ್ರವ ಮಾತ್ರ ತುಸು ಹಿಂದುಳಿಯುತ್ತದೆ. ಹಿಂದುಳಿದ ದ್ರವ ಪರದೆಯನ್ನು ತಳ್ಳುತ್ತದೆ. ಪರದೆಯ ಬುಡದಲ್ಲಿರುವ ಜೀವಕೋಶಗಳ ಸೂಕ್ಷ್ಮ ರೋಮಗಳು ಬಾಗುತ್ತವೆ, ನರಕ್ಕೆ ಸುದ್ದಿ ಹೋಗುತ್ತದೆ. ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಕಣ್ಣುಗುಡ್ಡೆಗಳು ವಿರುದ್ಧ ದಿಕ್ಕಿಗೆ ಹೊರಳುತ್ತವೆ. ನಡೆಯುತ್ತಲೇ ಅಂಗಡಿಯ ಬೋರ್ಡು ಓದಲು ನಮಗೆ ಸಾಧ್ಯವಾಗುವುದು ಇದರಿಂದ.

ಗಾರೆ ಕೆಲಸದವರ ರಸಮಟ್ಟವನ್ನು ನೋಡಿದ್ದೀರಿ. ಗಾಜಿನ ಕೊಳವೆಯಲ್ಲಿ ದ್ರವ, ಅದರಲ್ಲೊಂದು ಗಾಳಿಗುಳ್ಳೆ. ಗುಳ್ಳೆ ದ್ರವಕ್ಕಿಂತ ಹಗುರ, ಹಾಗಾಗಿ ಎತ್ತರದ ಕಡೆ ತೇಲುತ್ತದೆ. ಕಿವಿಯ ನಾಳ ಹೀಗೆ ಕೆಲಸ ಮಾಡಕೂಡದು. ಅದು ತಿರುಗುವಿಕೆಯನ್ನು ಮಾತ್ರ ಹೇಳಬೇಕು. ವಾಲುವಿಕೆಯನ್ನು ಹೇಳಲು ಪಕ್ಕದಲ್ಲೇ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳನ್ನು ಹೊತ್ತ ಎರಡು ಬೇರೆ ಚೀಲಗಳಿವೆ. ನಾಳ ತಿರುಗುವಿಕೆಯನ್ನಷ್ಟೇ ಹೇಳಲೆಂದು ಪರದೆಯ ಸಾಂದ್ರತೆಯೂ ಸುತ್ತಲಿನ ದ್ರವದ ಸಾಂದ್ರತೆಯೂ ಸರಿಸಮವಾಗಿರುತ್ತವೆ. ನೀವು ಮಲಗಿದರೂ ನಿಂತರೂ ಪರದೆ ತೇಲುವುದಿಲ್ಲ, ಮುಳುಗುವುದಿಲ್ಲ. ಮದ್ಯ ಕೆಡಿಸುವುದು ಈ ಸಮತೂಕವನ್ನೇ.

ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ಆಲ್ಕೊಹಾಲಿನದು 0.79. ಪರದೆಗೆ ರಕ್ತನಾಳಗಳು ಹತ್ತಿರ, ದ್ರವಕ್ಕೆ ದೂರ. ರಕ್ತದಲ್ಲಿ ಬಂದ ಆಲ್ಕೊಹಾಲ್ ಮೊದಲು ಪರದೆಗೆ ಇಳಿಯುತ್ತದೆ, ದ್ರವಕ್ಕೆ ಸೇರುವುದು ನಿಧಾನ. ಕುಡಿದ ಅರ್ಧ ಗಂಟೆಯಲ್ಲಿ ಪರದೆ ದ್ರವಕ್ಕಿಂತ ಹಗುರವಾಗಿ, ನಾಳ ರಸಮಟ್ಟವಾಗಿಬಿಡುತ್ತದೆ. ಹಾಸಿಗೆಯಲ್ಲಿ ಬಲಮಗ್ಗುಲಾಗಿ ಮಲಗಿದರೆ ಪರದೆ ಮೇಲಕ್ಕೆ ತೇಲಿ ಬಾಗುತ್ತದೆ. ತಲೆ ಕದಲದೆ ಇದ್ದರೂ ‘ತಿರುಗುತ್ತಿದೆ’ ಎಂಬ ಸುದ್ದಿ ಮಿದುಳಿಗೆ ಹೋಗುತ್ತಲೇ ಇರುತ್ತದೆ. ಕೋಣೆ ಗಿರಗಿರನೆ ಸುತ್ತುವುದು ಆಗಲೇ. ಪಕ್ಕದಲ್ಲಿದ್ದವರು ಕಣ್ಣು ನೋಡಿದರೆ ಗುಡ್ಡೆಗಳು ಕೆಳಗಿನ ಕಿವಿಯ ಕಡೆಗೆ ಪಟಪಟ ಹಾರುವುದು ಕಾಣುತ್ತದೆ. ಕಣ್ಣು ತೆರೆದು ಗೋಡೆಯ ಮೇಲಿನ ಒಂದು ಬಿಂದುವನ್ನು ನೋಡಿದರೆ, ಒಂದು ಪಾದವನ್ನು ನೆಲಕ್ಕೆ ಊರಿದರೆ ಸುತ್ತು ಸ್ವಲ್ಪ ತಗ್ಗುತ್ತದೆ. ಕಿವಿಯ ಸುಳ್ಳು ಸಾಕ್ಷಿಗೆ ಕಣ್ಣು, ಪಾದಗಳ ಸಾಕ್ಷಿ ಎದುರು ನಿಲ್ಲುತ್ತದೆ.

ಮೂರು ನಾಲ್ಕು ಗಂಟೆ ಕಳೆದ ಮೇಲೆ ದ್ರವಕ್ಕೂ ಆಲ್ಕೊಹಾಲ್ ಸೇರಿ ಎರಡೂ ಸಮವಾಗುತ್ತವೆ. ಸ್ವಲ್ಪ ಹೊತ್ತು ಶಾಂತಿ. ಆಮೇಲೆ ಆಲ್ಕೊಹಾಲ್ ಹೊರಡುವಾಗಲೂ ಮೊದಲು ಬಿಡುವುದು ಪರದೆಯನ್ನೇ. ಈಗ ಪರದೆ ಭಾರ, ದ್ರವ ಹಗುರ. ಸುತ್ತು ಉಲ್ಟಾ ದಿಕ್ಕಿನಲ್ಲಿ ಮತ್ತೆ ಶುರುವಾಗುತ್ತದೆ. ರಕ್ತ ತಿಳಿಯಾದ ಮೇಲೂ ಇದು ಕೆಲ ಗಂಟೆ ಉಳಿಯಬಲ್ಲದು. ಬೆಳಗ್ಗೆ ಎದ್ದು ಇನ್ನೊಂದು ಪೆಗ್ ಹಾಕಿದರೆ ತಲೆ ನಿಲ್ಲುತ್ತದೆ ಎನ್ನುವವರ ಅನುಭವ ಸುಳ್ಳಲ್ಲ. ಪರದೆ ಮತ್ತೆ ಹಗುರವಾಗಿ ದ್ರವಕ್ಕೆ ಸಮವಾಗುತ್ತದೆ, ಅಷ್ಟೆ. ಸಂಕಟ ಸಂಜೆಗೆ ಮುಂದಕ್ಕೆ ಹೋಗುತ್ತದೆ.

ಈ ವಿವರಣೆ ಸರಿಯೇ ಎಂದು ಪರೀಕ್ಷಿಸಲು ಮನಿ ಮತ್ತು ಮೈಲ್ಸ್ ಎಂಬ ವಿಜ್ಞಾನಿಗಳು ಹುಡುಕಿದ ದಾರಿ ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ. ಹಗುರ ದ್ರವದಿಂದ ಸುತ್ತು ಬರುವುದಾದರೆ ಭಾರದ ದ್ರವದಿಂದ ವಿರುದ್ಧ ಸುತ್ತು ಬರಬೇಕು. ಪರಮಾಣು ಸ್ಥಾವರಗಳಲ್ಲಿ ಬಳಸುವ ಭಾರಜಲ ಸಾಮಾನ್ಯ ನೀರಿಗಿಂತ ಸುಮಾರು ಶೇ. 10ರಷ್ಟು ಸಾಂದ್ರ. ಅದನ್ನು ಕುಡಿಸಿದಾಗ ಕಣ್ಣುಗಳು ನಿಜಕ್ಕೂ ವಿರುದ್ಧ ದಿಕ್ಕಿಗೆ ಹಾರಿದವು. ಭಾರಜಲವನ್ನೂ ಆಲ್ಕೊಹಾಲನ್ನೂ ಒಟ್ಟಿಗೆ ಕೊಟ್ಟಾಗ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿತು. 1974ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಆದರೆ ಚಪ್ಪಡಿಯ ಮೇಲೆ ಎಡವಿದ್ದಕ್ಕೆ ಕಿವಿಯೊಂದನ್ನೇ ದೂರಲಾಗದು. ನೆಟ್ಟಗೆ ನಿಂತಾಗ ಮೂರು ನಾಳಗಳಲ್ಲಿ ಅಡ್ಡಲಾಗಿರುವುದು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿರುವುದರಿಂದ ತೇಲುವ ಪರದೆಯ ಕಾಟ ಕಡಿಮೆ. ಅಲ್ಲಿ ಸೋಲುವುದು ಕಿರುಮಿದುಳು. ಕಿವಿ, ಕಣ್ಣು, ಕಣಕಾಲಿನ ಕೀಲು ಕಳಿಸುವ ಸುದ್ದಿಗಳನ್ನು ಕ್ಷಣಕ್ಷಣಕ್ಕೂ ತಾಳೆ ನೋಡಿ ಹೆಜ್ಜೆ ತಿದ್ದುವುದು ಅದರ ಕೆಲಸ. ಆಲ್ಕೊಹಾಲಿಗೆ ಬೇಗ ಬಗ್ಗುವ ಭಾಗಗಳಲ್ಲಿ ಅದೂ ಒಂದು. ಹೊರಳಿದ ಪಾದವನ್ನು ಸರಿಪಡಿಸುವ ಆಜ್ಞೆ ತಡವಾಗಿ ಬರುತ್ತದೆ. ಬೀಳುವಾಗ ಕೈ ಮುಂದೆ ಚಾಚುವುದೂ ತಡವಾಗುತ್ತದೆ. ಎಚ್ಚರವಿದ್ದವರು ಬಿದ್ದರೆ ಹೆಚ್ಚಾಗಿ ಮಣಿಕಟ್ಟಿಗೆ ಪೆಟ್ಟು. ಕೈ ಬಾರದಿದ್ದರೆ ಪೆಟ್ಟು ಮುಖಕ್ಕೆ, ತಲೆಗೆ.

ಗಾಯದ ಮಟ್ಟಿಗೂ ಲೆಕ್ಕ ಬೇರೆಯೇ. ರಕ್ತ ಹರಿದಾಗ ಮೊದಲು ಧಾವಿಸುವ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಬಿರುಕಿಗೆ ಬಿರಟೆ ಹಾಕಬೇಕು. ಆಲ್ಕೊಹಾಲ್ ಆ ಅಂಟುವಿಕೆಯನ್ನು ತಗ್ಗಿಸುತ್ತದೆ. ಜೊತೆಗೆ ಚರ್ಮದ ರಕ್ತನಾಳಗಳು ಹಿಗ್ಗಿರುತ್ತವೆ; ಕುಡಿದವರ ಮುಖ ಕೆಂಪಗಾಗುವುದು ಅದಕ್ಕೇ. ಹುಬ್ಬಿನ ಸೀಳು ಅಂಗಿಯನ್ನೆಲ್ಲ ತೋಯಿಸಿದರೆ ಗಾಬರಿ ಬೇಡ. ತೊಳೆದ ಬಟ್ಟೆಯನ್ನು ಮಡಿಸಿ ಒತ್ತಿ ಹಿಡಿಯಿರಿ, ಹತ್ತು ನಿಮಿಷ, ನಡುವೆ ತೆಗೆದು ನೋಡದೆ. ಪ್ರತಿ ಸಲ ತೆಗೆದಾಗಲೂ ಆಗಷ್ಟೇ ಕೂಡಿದ ಬಿರಟೆ ಕಿತ್ತುಹೋಗುತ್ತದೆ.

ಬಾಟಲಿಯಲ್ಲಿ ಉಳಿದದ್ದನ್ನು ಗಾಯಕ್ಕೆ ಸುರಿಯುವ ಅಭ್ಯಾಸ ಇನ್ನೂ ಹೋಗಿಲ್ಲ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮಿನಲ್ಲಿ ಆಲ್ಕೊಹಾಲ್ ಶೇ. 42.8. ಸೂಕ್ಷ್ಮಾಣುಗಳನ್ನು ಚೆನ್ನಾಗಿ ಕೊಲ್ಲಲು ಶೇ. 60 ಆದರೂ ಬೇಕು, ಅಷ್ಟಿದ್ದರೆ ಅದು ಗಾಯದ ಹಸಿ ಮಾಂಸವನ್ನೂ ಸುಡುತ್ತದೆ. ನಲ್ಲಿ ನೀರು, ಸೋಪು, ಐದು ನಿಮಿಷದ ತಾಳ್ಮೆ, ಇಷ್ಟು ಸಾಕು. ಚರಂಡಿ ಕಲ್ಲಿಗೆ ತಗಲಿದ ಗಾಯದಲ್ಲಿ ಮಣ್ಣಿರುತ್ತದೆ, ಮಣ್ಣಿನಲ್ಲಿ ಧನುರ್ವಾಯುವಿನ ಬೀಜಾಣುಗಳಿರಬಹುದು. ಅಂಥ ಕೊಳಕು ಗಾಯಕ್ಕೆ, ಕೊನೆಯ ಇಂಜೆಕ್ಷನ್ ಆಗಿ ಐದು ವರ್ಷ ದಾಟಿದ್ದರೆ ಇನ್ನೊಂದು ಬೇಕು. ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆ, ಇಂದಿರಾನಗರದಲ್ಲಿ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಕೆ.ಆರ್. ಪುರದಲ್ಲಿ ಸಾರ್ವಜನಿಕ ಆಸ್ಪತ್ರೆ, ಮೂರೂ ಸರ್ಕಾರದವು.

ಊದಿದ ಕಣಕಾಲಿನ ವಿಷಯದಲ್ಲಿ ಒಂದು ಸಂಗತಿಯನ್ನು ಕುಡಿಯುವವರೆಲ್ಲ ತಿಳಿದಿರಬೇಕು. ಮೂಳೆ ಮುರಿದಿದೆಯೋ ಬರೀ ಉಳುಕೋ, ಎಕ್ಸ್-ರೇ ಬೇಕೋ ಬೇಡವೋ ಎಂದು ನಿರ್ಧರಿಸಲು ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಸರಳ ನಿಯಮಗಳನ್ನು ಮಾಡಿದರು. ಕಣಕಾಲಿನ ಎರಡೂ ಬದಿಯ ಗೆಣ್ಣುಗಳ ತುದಿಯನ್ನೂ ಹಿಂಬದಿಯ ಅಂಚನ್ನೂ ಬೆರಳಿನಿಂದ ಒತ್ತುವುದು. ಪಾದದ ಹೊರ ಅಂಚಿನ ನಡುವೆ, ಕಿರುಬೆರಳ ಮೂಳೆ ಶುರುವಾಗುವ ಉಬ್ಬನ್ನೂ, ಒಳಬದಿಯ ಕಮಾನಿನ ಮೇಲಿನ ಮೂಳೆಯನ್ನೂ ಒತ್ತುವುದು. ನಾಲ್ಕು ಹೆಜ್ಜೆ ಊರಿ ನಡೆಸುವುದು. ಒತ್ತಿದಲ್ಲಿ ಮೂಳೆ ನೊಂದರೆ ಅಥವಾ ನಾಲ್ಕು ಹೆಜ್ಜೆ ಆಗದಿದ್ದರೆ ಎಕ್ಸ್-ರೇ. ಲೋಕದ ಹಲವು ತುರ್ತು ವಿಭಾಗಗಳು ನೆಚ್ಚಿಕೊಂಡ ಈ ಪರೀಕ್ಷೆಗೂ ಒಂದು ಷರತ್ತಿದೆ: ಕುಡಿದವರ ಮೇಲೆ ಮಾಡಿದರೆ ನಂಬಬೇಡಿ. ಪರೀಕ್ಷೆಯ ಜೀವಾಳವೇ ನೋವು. ನೋವನ್ನು ಮದ್ಯ ಮುಚ್ಚಿಟ್ಟಿದ್ದರೆ ಮುರಿದ ಕಾಲಿನಲ್ಲೂ ಮನುಷ್ಯ ನಾಲ್ಕು ಹೆಜ್ಜೆ ನಡೆದುಬಿಡುತ್ತಾನೆ. ಕತ್ತಿನ ಮೂಳೆಗೆ ಪೆಟ್ಟಾಗಿದೆಯೇ ಎಂದು ನೋಡುವ ನಿಯಮಗಳಲ್ಲೂ ಇದೇ ಷರತ್ತು.

ತಲೆಯ ವಿಷಯದಲ್ಲಿ ಇದು ಪ್ರಾಣದ ಪ್ರಶ್ನೆ. ತೊದಲು ಮಾತು, ತೂಕಡಿಕೆ, ವಾಂತಿ, ತಟ್ಟಾಡುವ ನಡಿಗೆ: ಇವು ಮತ್ತಿನ ಲಕ್ಷಣಗಳು, ತಲೆಬುರುಡೆಯೊಳಗೆ ರಕ್ತ ಸೇರುತ್ತಿರುವುದರ ಲಕ್ಷಣಗಳೂ ಇವೇ. ಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ಜಿನುಗುವಾಗ ಮನುಷ್ಯ ಕೆಲವು ಗಂಟೆ ಸರಿಯಾಗಿಯೇ ಮಾತಾಡಿಕೊಂಡಿದ್ದು ಆಮೇಲೆ ಕುಸಿಯಬಹುದು. ‘ಜಾಸ್ತಿಯಾಗಿದೆ, ಮಲಗಲಿ ಬಿಡಿ’ ಎಂದು ಬಾಗಿಲು ಎಳೆದುಕೊಂಡು ಹೋಗುವುದು ಅದಕ್ಕೇ ಅಪಾಯ. ತಲೆಗೆ ಪೆಟ್ಟಾಗಿದ್ದರೆ ಮಂಪರಿಗೆ ಮದ್ಯವೇ ಕಾರಣ ಎಂದು ಮೊದಲೇ ಊಹಿಸಬಾರದು ಎಂಬುದು ವೈದ್ಯರಿಗಿರುವ ಪಾಠ. ಸ್ನೇಹಿತರಿಗೂ ಅದೇ ಪಾಠ ಇರಲಿ. ಕುಡಿಯದ ಒಬ್ಬರು ಪಕ್ಕದಲ್ಲಿರಬೇಕು, ಮಲಗಿದವರನ್ನು ಮಗ್ಗುಲಾಗಿಸಿರಬೇಕು, ಆಗಾಗ ಎಬ್ಬಿಸಿ ಹೆಸರು ಕೇಳಬೇಕು. ಮತ್ತೆ ಮತ್ತೆ ವಾಂತಿ, ಏರುತ್ತಲೇ ಇರುವ ತಲೆನೋವು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದು, ಕಿವಿ ಮೂಗಿನಿಂದ ತಿಳಿನೀರು, ಫಿಟ್ಸ್, ಎಬ್ಬಿಸಿದರೂ ಏಳದಿರುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಹೊತ್ತು ಕಳೆದಂತೆ ಮತ್ತು ಇಳಿಯಬೇಕು. ಇಳಿಯುವ ಬದಲು ಮಂಪರು ಏರುತ್ತಿದ್ದರೆ ಅದು ಮದ್ಯದ ಕೆಲಸವಲ್ಲ.

ನೋಡಿದ ಮಾತ್ರಕ್ಕೆ ಮತ್ತನ್ನು ಅಳೆಯುವುದು ಎಷ್ಟು ಕಷ್ಟ ಎಂಬ ಪ್ರಶ್ನೆಗೆ ನಮ್ಮ ಊರೂ ಉತ್ತರ ಹುಡುಕಿದೆ. ಮದ್ಯ ಮತ್ತು ಗಾಯಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 12 ದೇಶಗಳಲ್ಲಿ ಅಧ್ಯಯನ ನಡೆಸಿದಾಗ ಭಾರತದಿಂದ ಸೇರಿದ್ದು ಬೆಂಗಳೂರು. ಇಲ್ಲಿನ ಕೆಲಸ ನಡೆಸಿದವರು ನಿಮ್ಹಾನ್ಸ್‌ನ ಮನೋವೈದ್ಯ ಡಾ. ವಿವೇಕ್ ಬೆನೆಗಲ್. ವರದಿ 2007ರಲ್ಲಿ ಹೊರಬಂತು. ಗಾಯಗೊಂಡು ತುರ್ತು ವಿಭಾಗಕ್ಕೆ ಬಂದವರ ಉಸಿರನ್ನು ಯಂತ್ರದಿಂದ ಅಳೆದರು, ವೈದ್ಯರ ಕಣ್ಣಂದಾಜನ್ನೂ ಪಕ್ಕದಲ್ಲಿ ಬರೆದುಕೊಂಡರು. ಎರಡೂ ಎಲ್ಲ ಸಲ ಹೊಂದಲಿಲ್ಲ. ಗಾಯಕ್ಕೆ ಮುಂಚಿನ ಆರು ಗಂಟೆಯಲ್ಲಿ ಎಷ್ಟು ಕುಡಿದಿದ್ದಿರಿ, ಹೋದ ವಾರ ಇದೇ ದಿನ ಇದೇ ಹೊತ್ತಿನಲ್ಲಿ ಎಷ್ಟು ಎಂದೂ ಕೇಳಿದರು. ಒಬ್ಬರನ್ನು ಇನ್ನೊಬ್ಬರೊಂದಿಗೆ ಹೋಲಿಸದೆ ಅವರನ್ನು ಅವರೊಂದಿಗೇ ಹೋಲಿಸುವ ಈ ಉಪಾಯ ತುಂಬ ನ್ಯಾಯವಾದದ್ದು. ಕುಡುಕ, ಸಭ್ಯ ಎಂಬ ಹಣೆಪಟ್ಟಿಗೆ ಅಲ್ಲಿ ಜಾಗವಿಲ್ಲ. ಕುಡಿತ ಏರಿದಂತೆ ಗಾಯದ ಸಾಧ್ಯತೆಯೂ ಏರುವುದು ಕಂಡುಬಂತು.

ಇನ್ನು ನೋವಿನ ಮಾತ್ರೆಯ ಮಾತು. ಅದಕ್ಕೆ ಮೊದಲು ಮದ್ಯ ರಕ್ತದಲ್ಲಿ ಎಷ್ಟು ಹೊತ್ತು ಇರುತ್ತದೆ ಎಂದು ಲೆಕ್ಕ ಹಾಕಬೇಕು. 60 ಮಿಲಿಲೀಟರಿನ ಒಂದು ಲಾರ್ಜ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೊಹಾಲಿದೆ. ಮೂರಾದರೆ 60 ಗ್ರಾಂ. ಲಿವರ್ ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ. ರಾತ್ರಿ ಒಂಬತ್ತಕ್ಕೆ ಶುರು ಮಾಡಿದವರ ರಕ್ತ ತಿಳಿಯಾಗಲು ಬೆಳಗಿನ ಜಾವ ಮೂರಾದರೂ ಆಗಬೇಕು, ಐದೂವರೆಯೂ ಆದೀತು. ಕಾಫಿ, ನಿಂಬೆಹಣ್ಣು, ತಣ್ಣೀರಿನ ಸ್ನಾನ ಯಾವುದೂ ಲಿವರನ್ನು ಓಡಿಸಲಾರದು. ಆ ಹೊತ್ತಿನೊಳಗೆ ನುಂಗಿದ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮೊದಲೇ ಕೆರಳಿದ ಜಠರದ ಒಳಪದರಕ್ಕೆ ಇನ್ನಷ್ಟು ಏಟು ಕೊಟ್ಟು ರಕ್ತಸ್ರಾವ ತರಬಹುದು. ಪ್ಯಾರಾಸಿಟಮಾಲ್ ಜಠರಕ್ಕೆ ಸೌಮ್ಯ. ಆದರೆ ಅದರ ಒಂದು ಪಾಲನ್ನು ಲಿವರ್ ವಿಷವಾಗಿಸಿ, ಆಮೇಲೆ ಅದನ್ನು ನಿರ್ವಿಷಗೊಳಿಸುತ್ತದೆ. ದಿನಾ ಕುಡಿಯುವವರ ಲಿವರಿನಲ್ಲಿ ವಿಷ ಮಾಡುವ ಕಿಣ್ವ ಹೆಚ್ಚು, ಅಳಿಸುವ ವಸ್ತು ಕಡಿಮೆ. ಅಂಥವರು ವೈದ್ಯರನ್ನು ಕೇಳದೆ ಅದನ್ನೂ ನುಂಗಬಾರದು. ನಿದ್ದೆ ಮಾತ್ರೆ ಯಾರಿಗೂ ಬೇಡ. ಮದ್ಯದ ಜೊತೆ ಅದು ಉಸಿರನ್ನೇ ನಿಲ್ಲಿಸಬಲ್ಲದು. ರಾತ್ರಿಯ ಮಟ್ಟಿಗೆ ಊದಿದ ಕಾಲಿಗೆ ಬಟ್ಟೆಯಲ್ಲಿ ಸುತ್ತಿದ ಐಸು, ಕಾಲಡಿಗೆ ಎರಡು ದಿಂಬು, ಇಷ್ಟಿರಲಿ. ಐಸನ್ನು ಬರಿಚರ್ಮಕ್ಕೆ ಇಟ್ಟು ನಿದ್ದೆ ಹೋದರೆ ಚರ್ಮ ಸುಟ್ಟದ್ದೂ ಗೊತ್ತಾಗುವುದಿಲ್ಲ.

ಬೆಳಗ್ಗೆ ನೋವು ತನ್ನ ದನಿಗೆ ಮರಳಿದ ಮೇಲೆ ಗೆಣ್ಣಿನ ತುದಿಯನ್ನು ಒತ್ತಿ ನೋಡಿ, ನಾಲ್ಕು ಹೆಜ್ಜೆ ಇಟ್ಟು ನೋಡಿ. ಮೂಳೆ ನೊಂದರೆ ಎಕ್ಸ್-ರೇಗೆ ಹೊರಡಿ. ಸ್ಕೂಟರ್ ಬೇಡ. ಉಲ್ಟಾ ಸುತ್ತು ಕಿವಿಯಲ್ಲಿ ಇನ್ನೂ ನಡೆದಿರಬಹುದು, ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದ ತೂಗುಸೇತುವೆಯವರೆಗಿನ ಲಾರಿಗಳ ನಡುವೆ ಅದನ್ನು ಪರೀಕ್ಷಿಸಬೇಕಾಗಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಕೇಳುವ ಮುಂಚೆಯೇ ಮೂರು ವಿಷಯ ಹೇಳಿಬಿಡಿ: ಎಷ್ಟು ಕುಡಿದಿದ್ದಿರಿ, ಎಷ್ಟು ಗಂಟೆಗೆ ನಿಲ್ಲಿಸಿದಿರಿ, ಬಿದ್ದಾಗ ತಲೆ ತಗಲಿತೇ. ಬಿದ್ದದ್ದೇ ನೆನಪಿಲ್ಲದಿದ್ದರೆ ಅದನ್ನೂ ಹೇಳಿ. ಆ ಒಂದು ಮಾತಿನಿಂದಲೇ ಅವರು ಕಾಲಿನ ಜೊತೆಗೆ ತಲೆಯನ್ನೂ ನೋಡುತ್ತಾರೆ.