ಕೇಳಿದರೆ ಸಾಲದು, ಮಾತಾಡಬೇಕು

ಹಳೇಬೀಡಿನ ಸಮೀಪದ ಹುಲಿಕೆರೆ ಎಂದೊಡನೆ ನೆನಪಾಗುವುದು ಹೊಯ್ಸಳರ ಕಾಲದ ಸುಂದರ ಕೊಳ. ಆದರೆ ಇಂಥ ಊರಿನಲ್ಲಿ ಓದುವ ಮಗುವಿಗೆ ಹೊಸ ಪುಸ್ತಕದ ಸುದ್ದಿ ತಿಳಿಸುವವರು ಯಾರು? ಪುಸ್ತಕ ಕೊಳ್ಳಲು ಪೇಟೆಗೆ ಹೋಗಬೇಕು. ಪ್ರಶಸ್ತಿ ಪಡೆದ ಚಿತ್ರಗಳು ಹತ್ತಿರದ ಟಾಕೀಸಿಗೆ ಬರುವುದು ಅಪರೂಪ. ರೇಡಿಯೊ ಮಾತ್ರ ಬಸ್ಸಿಗೆ ಕಾಯದೆ ಮನೆಗೆ ಬರುತ್ತದೆ.

ಕನ್ನಡ ನಾಡಿನಲ್ಲಿ ಬಾನುಲಿ ಹುಟ್ಟಿದ್ದೇ ಒಬ್ಬ ಮೇಷ್ಟರ ಮನೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಅದನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಅದರ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಮೈಸೂರಿನ ಆ ಕೇಂದ್ರ 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು.

ಹುಲಿಕೆರೆಗೆ ಹತ್ತಿರದ ಕೇಂದ್ರವೆಂದರೆ ಹಾಸನ ಆಕಾಶವಾಣಿ. ಅದು ಎಫ್.ಎಂ. ಕೇಂದ್ರ. ಮಧ್ಯಮ ತರಂಗಗಳು ರಾತ್ರಿ ವೇಳೆ ಅಯಾನುಗೋಳದಿಂದ ಪ್ರತಿಫಲಿಸಿ ನೂರಾರು ಕಿ.ಮೀ. ದೂರ ಮುಟ್ಟುತ್ತವೆ. ಎಫ್.ಎಂ. ಅಲೆಗಳಾದರೋ ಬೆಳಕಿನಂತೆ ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಗುಡ್ಡ ಮತ್ತು ಭೂಮಿಯ ಬಾಗು ಅವುಗಳಿಗೆ ಅಡ್ಡಿಯಾಗುತ್ತವೆ. ಈ ಮಿತಿಯೇ ಒಂದು ಅನುಕೂಲ. ಕೇಳುಗರು ಸುತ್ತಮುತ್ತಲಿನವರೇ ಆದ್ದರಿಂದ ಅವರ ನೆಲದ ಬರಹಗಳನ್ನೇ ಚರ್ಚೆಗೆ ಎತ್ತಿಕೊಳ್ಳಬಹುದು.

ಹಾಸನದ ಲೇಖಕಿ ಬಾನು ಮುಷ್ತಾಕ್ ಅವರನ್ನೇ ನೋಡಿ. ಅವರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ‘ಹಸೀನಾ’ ಚಿತ್ರ ನಿರ್ದೇಶಿಸಿದರು. ಅದರ ಅಭಿನಯಕ್ಕಾಗಿ ತಾರಾ ಅವರಿಗೆ 2004ರ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಬಾನು ಅವರ 12 ಕಥೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗಳಿಸಿತು.

‘ಹಸೀನಾ’ ಚಿತ್ರದ ನಾಯಕಿಯನ್ನು ಗಂಡ ತೊರೆಯುವುದು ಅವಳು ಹೆಣ್ಣುಮಕ್ಕಳನ್ನೇ ಹೆರುತ್ತಾಳೆಂದು. ಇಲ್ಲಿ ಕಥೆಯೂ ಪಾಠವೂ ಒಂದೆಡೆ ಸೇರುತ್ತವೆ. ಪ್ರೌಢಶಾಲೆಯ ವಿಜ್ಞಾನ ಏನು ಹೇಳುತ್ತದೆ? ತಾಯಿಯ ಅಂಡದಲ್ಲಿರುವುದು ಎಕ್ಸ್ ವರ್ಣತಂತು ಮಾತ್ರ. ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಇರಬಹುದು, ವೈ ಇರಬಹುದು. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ಕಡೆಯಿಂದ ಬಂದ ವರ್ಣತಂತುವನ್ನು ಅವಲಂಬಿಸುತ್ತದೆ. ಅದೂ ಯಾರ ಇಚ್ಛೆಯಂತೆಯೂ ನಡೆಯುವುದಿಲ್ಲ. ಎರಡು ಅಂಕಕ್ಕೆಂದು ಇದನ್ನು ಬಾಯಿಪಾಠ ಮಾಡಿದ ಹುಡುಗನ ಮನೆಯಲ್ಲೇ ಸೊಸೆಯನ್ನು ಹಂಗಿಸುತ್ತಿದ್ದರೆ, ಆ ಪಾಠದಿಂದ ಬಂದ ಪ್ರಯೋಜನವೇನು?

ಇಂಥ ಪ್ರಶ್ನೆಯನ್ನು ಬಾನುಲಿ ಎತ್ತಬಹುದು, ಉತ್ತರ ಹುಡುಕುವ ಕೆಲಸ ಕೇಳುಗರದು. 1956ರಲ್ಲಿ ಪುಣೆಯ ಸುತ್ತಲಿನ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಆಕಾಶವಾಣಿ ಯುನೆಸ್ಕೊ ನೆರವಿನಿಂದ ಒಂದು ಪ್ರಯೋಗ ನಡೆಸಿತು. ಹಳ್ಳಿಗರು ಗುಂಪಾಗಿ ಕುಳಿತು ಕಾರ್ಯಕ್ರಮ ಕೇಳಿ, ಬಳಿಕ ಅದರ ಬಗ್ಗೆ ಚರ್ಚಿಸುತ್ತಿದ್ದರು. ಬರೀ ರೇಡಿಯೊ ಇದ್ದ ಹಳ್ಳಿಗಳಿಗಿಂತ ಹೀಗೆ ಚರ್ಚಿಸಿದ ಹಳ್ಳಿಗಳಲ್ಲಿ ತಿಳಿವಳಿಕೆ ಹೆಚ್ಚು ಬೆಳೆದದ್ದು ಕಂಡುಬಂತು.

ಮನೆಯಲ್ಲೂ ಇದು ಸಾಧ್ಯ. ಊಟದ ಹೊತ್ತಿಗೆ ಒಂದು ಪುಸ್ತಕದ ಮಾತು ಕೇಳಿ, ಆಮೇಲೆ ಹತ್ತು ನಿಮಿಷ ರೇಡಿಯೊ ಆರಿಸಿ. “ನಿನಗೇನನ್ನಿಸಿತು?” ಎಂದು ಮಗಳನ್ನು ಕೇಳಿ. ಅವಳ ಮಾತು ನಿಮಗೆ ಒಪ್ಪಿಗೆಯಾಗದಿದ್ದರೂ ಮುಗಿಯುವ ತನಕ ತಾಳ್ಮೆಯಿಂದಿರಿ. ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ, ನಿಜ. ಆದರೆ ನಾಳೆ ಅನ್ಯಾಯದೆದುರು ಬಾಯಿ ತೆರೆಯುವ ಧೈರ್ಯ ಇಂಥ ಮಾತುಕತೆಯಲ್ಲೇ ಕುದುರುತ್ತದೆ.